ಊರಿನ ಮನೆಗೆ ಸಿಸಿ ಕ್ಯಾಮೆರಾ: ಮುಖ ಕಾಣುವ ಹಾಗೆ ಹಾಕಿಸೋದು ಹೇಗೆ?

ಕಳ್ಳತನ ಆದ ಮೇಲೆ ಪೊಲೀಸರು ಬಂದು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: "ಇಲ್ಲಿ ಹತ್ತಿರ ಎಲ್ಲಾದ್ರೂ ಕ್ಯಾಮೆರಾ ಇದೆಯೇನ್ರೀ?" ಇದೆ. ನಾಲ್ಕಿದೆ. ರೆಕಾರ್ಡಿಂಗ್ ಹಾಕಿ ನೋಡಿದರೆ ನಡುರಾತ್ರಿ ಯಾರೋ ಗೇಟು ತೆಗೆದು ಬರುತ್ತಾನೆ, ಬೈಕು ತಳ್ಳಿಕೊಂಡು ಹೋಗುತ್ತಾನೆ. ಎಲ್ಲ ಮಹಡಿ ಮೇಲಿಂದ ಹಿಡಿದ ಚಿತ್ರ. ಕಾಣುವುದು ಒಂದು ಟೋಪಿ, ಎರಡು ಭುಜ. ಮುಖವೇ ಇಲ್ಲ. ಮೂಲೆಯಲ್ಲಿ ತೋರಿಸುವ ಟೈಮೂ ತಪ್ಪು. ಇಂಥ ಕಥೆ ನಿಮ್ಮ ಬೀದಿಯಲ್ಲೂ ಒಂದಾದರೂ ಇರುತ್ತದೆ.

ಕ್ಯಾಮೆರಾ ಹಾಕಿಸುವವರು ಎಷ್ಟು ಬೇಕು ಅಂತ ಕೇಳುತ್ತಾರೆ, ಯಾವ ಬ್ರ್ಯಾಂಡ್ ಅಂತ ಕೇಳುತ್ತಾರೆ. ಏನನ್ನು ನೋಡಬೇಕು ಅಂತ ಕೇಳುವವರು ಕಮ್ಮಿ. ಸರಿಯಾದ ಜಾಗದಲ್ಲಿ ಕೂತ ಎರಡು ಕ್ಯಾಮೆರಾ, ಎಲ್ಲೆಲ್ಲೋ ಕೂತ ಎಂಟಕ್ಕಿಂತ ಮೇಲು. ಈ ಬರಹ ಮುಖ್ಯವಾಗಿ ಅಪ್ಪ ಅಮ್ಮ ಊರಲ್ಲಿದ್ದು, ತಾವು ಬೆಂಗಳೂರಲ್ಲೋ ಪುಣೆಯಲ್ಲೋ ದುಬೈಯಲ್ಲೋ ಇರುವವರಿಗೆ. ತುಮಕೂರು, ಹಾಸನ, ಶಿರಸಿ ಕಡೆಯ ಒಂಟಿ ಮನೆಗಳನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೇನೆ. ಬಾಡಿಗೆ ಮನೆ, ಫ್ಲಾಟ್‌ನವರಿಗೂ ಮುಕ್ಕಾಲು ಭಾಗ ಉಪಯೋಗಕ್ಕೆ ಬರುತ್ತದೆ.

ಮೊದಲು ಮನೆ ಸುತ್ತ ಒಂದು ಸುತ್ತು

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ, ಒಂದು ಪೆನ್ನು ತಗೊಂಡು ಮನೆ ಸುತ್ತ ಬನ್ನಿ. ಹೊರಗಿನವರು ಎಲ್ಲೆಲ್ಲಿಂದ ಒಳಗೆ ಬರಬಹುದು ಅಂತ ಗುರುತು ಮಾಡಿ. ಗೇಟು, ಮುಂಬಾಗಿಲು, ಹಿತ್ತಿಲ ಬಾಗಿಲು ಎಲ್ಲರಿಗೂ ನೆನಪಾಗುತ್ತದೆ. ಮರೆತುಹೋಗುವುದು ಹೊರಗಡೆಯಿಂದಲೇ ಮಹಡಿಗೆ ಹೋಗುವ ಮೆಟ್ಟಿಲು. ನಮ್ಮ ಕಡೆ ಅರ್ಧಕ್ಕರ್ಧ ಮನೆಗಳಲ್ಲಿ ಅದು ಇದ್ದೇ ಇರುತ್ತದೆ, ಮೇಲಿನ ಬಾಗಿಲಿಗೆ ಚಿಲಕವೂ ಸರಿ ಇರುವುದಿಲ್ಲ.

ಪ್ರತಿ ಜಾಗದ ಎದುರಿಗೆ ಒಂದು ಮಾತು ಬರೆಯಿರಿ. ಇಲ್ಲಿ ಬಂದವರ ಮುಖ ಗುರುತು ಸಿಗಬೇಕಾ? ಅಥವಾ ಯಾರೋ ಬಂದರು ಅಂತ ಗೊತ್ತಾದರೆ ಸಾಕಾ? ಎರಡೂ ಬೇರೆ ಕೆಲಸ. ಎರಡಕ್ಕೂ ಒಂದೇ ಕ್ಯಾಮೆರಾ ಸಾಲುವುದಿಲ್ಲ. ಬಹಳ ಮನೆಗಳಲ್ಲಿ ಮುಖ ಬೇಕಾಗಿರುವುದು ಗೇಟಿನ ಹತ್ತಿರ ಮತ್ತು ಮುಂಬಾಗಿಲಲ್ಲಿ. ಹಿತ್ತಿಲು, ಮೆಟ್ಟಿಲು, ಅಡಿಕೆ ಒಣಗಿಸುವ ಅಂಗಳ, ಕಾರು ನಿಲ್ಲಿಸುವ ಜಾಗ ಇಲ್ಲೆಲ್ಲ ಓಡಾಟ ಕಂಡರೆ ಸಾಕು.

ಮೆಗಾಪಿಕ್ಸೆಲ್‌ಗಿಂತ ಮುಂಚೆ ಲೆನ್ಸ್ ಕೇಳಿ

ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಮೆಗಾಪಿಕ್ಸೆಲ್. 2 ಎಂಪಿ, 4 ಎಂಪಿ, 5 ಎಂಪಿ. ನೀವು ಕೇಳಬೇಕಾದ್ದು ಲೆನ್ಸ್ ಎಷ್ಟು ಎಂಎಂ ಅಂತ.

ಸಾಮಾನ್ಯವಾಗಿ ಕೊಡುವುದು 2.8 ಎಂಎಂ. ಇದು ಸುಮಾರು 100 ಡಿಗ್ರಿ ಅಗಲ ನೋಡುತ್ತದೆ. ಅಂಗಳ ಪೂರ್ತಿ ಕಾಣುತ್ತದೆ, ಮೊಬೈಲಲ್ಲಿ ನೋಡಿದರೆ ಖುಷಿಯಾಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. 5 ಮೀಟರ್ ದೂರದಲ್ಲಿ ಅದು ಸುಮಾರು 12 ಮೀಟರ್ ಅಗಲದ ಜಾಗವನ್ನು ಹಿಡಿಯುತ್ತದೆ. 2 ಎಂಪಿ ಕ್ಯಾಮೆರಾದಲ್ಲಿ ಅಡ್ಡಕ್ಕೆ ಇರುವುದು 1920 ಚುಕ್ಕಿ (ಪಿಕ್ಸೆಲ್). ಅಂದರೆ ಒಂದು ಮೀಟರಿಗೆ 160 ಚುಕ್ಕಿ. ಗುರುತೇ ಇಲ್ಲದ ಒಬ್ಬ ಮನುಷ್ಯ ಇವನೇ ಅಂತ ಹೇಳಬೇಕಾದರೆ ಮೀಟರಿಗೆ 250 ಚುಕ್ಕಿಯಾದರೂ ಬೇಕು ಅಂತ ಈ ಕ್ಷೇತ್ರದ ಅಂತಾರಾಷ್ಟ್ರೀಯ ಮಾನದಂಡ ಹೇಳುತ್ತದೆ. ಹಾಗಾಗಿ 2 ಎಂಪಿ, 2.8 ಎಂಎಂ ಕ್ಯಾಮೆರಾ ಮುಖ ಗುರುತಿಸುವುದು ಬರೀ 3 ಮೀಟರ್ ಆಸುಪಾಸಿನವರೆಗೆ. ಸುಮಾರು ಹತ್ತಡಿ. 4 ಎಂಪಿ ತಗೊಂಡರೂ 4 ಮೀಟರ್ ಸ್ವಲ್ಪ ದಾಟುತ್ತದೆ ಅಷ್ಟೇ. ಅದೇ 2 ಎಂಪಿಯಲ್ಲೇ 6 ಎಂಎಂ ಲೆನ್ಸ್ ಹಾಕಿಸಿದರೆ ನೋಡುವ ಅಗಲ ಅರ್ಧಕ್ಕೆ ಇಳಿಯುತ್ತದೆ, ಆದರೆ 8 ಮೀಟರ್ ದೂರದ ಮುಖವೂ ಸಿಗುತ್ತದೆ.

ಇದು ಹಗಲಿನ ಲೆಕ್ಕ. ರಾತ್ರಿ ಇನ್ನೂ ಕಮ್ಮಿ ಅಂತಲೇ ಇಟ್ಟುಕೊಳ್ಳಿ.

ನಿಮ್ಮ ಗೇಟು ಮನೆ ಗೋಡೆಯಿಂದ 20 ಅಡಿ ದೂರ ಇದೆ ಅಂದುಕೊಳ್ಳಿ. ಗೋಡೆ ಮೇಲೆ 2.8 ಹಾಕಿಸಿದರೆ ಗೇಟಿನಲ್ಲಿ ನಿಂತವರು ಯಾರು ಅಂತ ಮನೆಯವರಿಗೆ ಗೊತ್ತಾಗುತ್ತದೆ, ಯಾಕೆಂದರೆ ಪರಿಚಯದವರನ್ನು ನಡಿಗೆಯಲ್ಲೇ ಗುರುತು ಹಿಡಿಯುತ್ತೇವೆ. ಪರಿಚಯ ಇಲ್ಲದವರ ಮುಖ ಸಿಗುವುದಿಲ್ಲ. ಅಲ್ಲಿಗೆ 6 ಎಂಎಂ ಬೇಕು, ಇಲ್ಲವೇ ಗೇಟಿನ ಕಂಬದ ಹತ್ತಿರವೇ ಒಂದು ಕ್ಯಾಮೆರಾ ಬೇಕು.

ಎತ್ತರದ ವಿಷಯಕ್ಕೂ ಜಗಳ ಆಡಬೇಕಾಗುತ್ತದೆ. ಹಾಕುವ ಹುಡುಗ "ಸಾರ್, ಮೇಲೆ ಹಾಕ್ಬಿಟ್ರೆ ರೋಡ್ ಪೂರ್ತಿ ಕಾಣುತ್ತೆ" ಅಂತಾನೆ. ನಿಜ, ಕಾಣುತ್ತೆ. ತಲೆಗಳೇ ಕಾಣುತ್ತವೆ. ಮುಖ ಬೇಕಾದ ಕ್ಯಾಮೆರಾವನ್ನು 8ರಿಂದ 9 ಅಡಿ ಎತ್ತರದಲ್ಲೇ ಹಾಕಿಸಿ. ಕೈಗೆ ಸಿಕ್ಕಿಬಿಡುತ್ತದೆ ಅನ್ನುವ ಭಯ ಇದ್ದರೆ, ಮೇಲೆ ಇರುವ ಇನ್ನೊಂದು ಕ್ಯಾಮೆರಾದ ಕಣ್ಣಿಗೆ ಇದು ಬೀಳುವ ಹಾಗೆ ನೋಡಿಕೊಳ್ಳಿ. ಇದನ್ನು ತಿರುಗಿಸಲು ಬಂದವನು ಅದರಲ್ಲಿ ಸಿಗುತ್ತಾನೆ.

ವೈಫೈ, ಡಿವಿಆರ್, ಪಿಒಇ: ಯಾವುದು ಯಾರಿಗೆ?

ಬಾಡಿಗೆ ಮನೆ, ಫ್ಲಾಟ್, ಒಂದೋ ಎರಡೋ ಕ್ಯಾಮೆರಾ ಸಾಕು ಅನ್ನುವವರಿಗೆ ವೈಫೈ ಕ್ಯಾಮೆರಾ. ಟಾಪೊ, ಕ್ಯೂಬೊ, ಸಿಪಿ ಪ್ಲಸ್, ಗೋದ್ರೆಜ್ ಹೀಗೆ ಬೇಕಾದಷ್ಟಿವೆ. ಒಳಗಿನದ್ದು ಸುಮಾರು 1,500ರಿಂದ 3,000 ರೂಪಾಯಿ ಒಳಗೆ ಸಿಗುತ್ತದೆ, ಹೊರಗಿನದ್ದಕ್ಕೆ ಇನ್ನೊಂದು ಸಾವಿರ ಜಾಸ್ತಿ. ಮನೆ ಬಿಟ್ಟರೆ ಕಳಚಿಕೊಂಡು ಹೋಗಬಹುದು. ವೈಫೈ ಅಂದರೆ ವೈರೇ ಇಲ್ಲ ಅಂತಲ್ಲ. ಬ್ಯಾಟರಿಯದ್ದಲ್ಲದಿದ್ದರೆ ಕರೆಂಟಿನ ವೈರು ಬೇಕೇ ಬೇಕು. ಅಂಗಡಿಯಲ್ಲಿ ಇದನ್ನು ಹೇಳುವುದಿಲ್ಲ, ಮನೆಗೆ ತಂದ ಮೇಲೆ ಗೇಟಿನ ಹತ್ತಿರ ಪ್ಲಗ್ ಪಾಯಿಂಟ್ ಇಲ್ಲ ಅಂತ ಗೊತ್ತಾಗುತ್ತದೆ.

ಅಪ್ಪ ಅಮ್ಮ ಇರುವ ಸ್ವಂತ ಮನೆಗೆ ನನ್ನ ಆಯ್ಕೆ ಯಾವತ್ತೂ ವೈರಿನದ್ದೇ. ವೈಫೈ ಆಗಾಗ ಕಡಿದುಹೋಗುತ್ತದೆ, ಮತ್ತೆ ಸೇರಿಸುವುದು ಹೇಗೆ ಅಂತ ಎಪ್ಪತ್ತು ದಾಟಿದವರಿಗೆ ಫೋನಲ್ಲಿ ಹೇಳಿಕೊಡುವುದು ಇಬ್ಬರಿಗೂ ಹಿಂಸೆ. ಡಿವಿಆರ್ (ವೈರಿನ ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡಿಡುವ ಪೆಟ್ಟಿಗೆ) ಆದರೆ ಹಾಲ್‌ನ ಟಿವಿಗೆ ಎಚ್‌ಡಿಎಂಐ ವೈರು ಎಳೆದುಬಿಡಬಹುದು. ಬೆಲ್ ಆದಾಗ ಅಪ್ಪ ಕೂತಲ್ಲೇ ರಿಮೋಟ್ ಒತ್ತಿ ಗೇಟಿನಲ್ಲಿ ಯಾರಿದ್ದಾರೆ ಅಂತ ನೋಡಬಹುದು. ಆಪ್ ಬೇಡ, ಪಾಸ್‌ವರ್ಡ್ ಬೇಡ, ಇಂಟರ್ನೆಟ್ಟೂ ಬೇಡ. ನನ್ನ ಪ್ರಕಾರ ಮನೆಯಲ್ಲಿರುವವರಿಗೆ ಇದಕ್ಕಿಂತ ದೊಡ್ಡ ಉಪಯೋಗ ಇನ್ನೊಂದಿಲ್ಲ.

ನಾಲ್ಕು ಕ್ಯಾಮೆರಾ, ಡಿವಿಆರ್, 1 ಟಿಬಿ ಹಾರ್ಡ್ ಡಿಸ್ಕ್, ವೈರು, ಕೂಲಿ ಎಲ್ಲ ಸೇರಿ ಸುಮಾರು 12,000ದಿಂದ 20,000 ರೂಪಾಯಿ ಆಗಬಹುದು. ಇದಕ್ಕೆ ಹಾಕುವುದು ಚಿತ್ರದ ವೈರೂ ಕರೆಂಟಿನ ವೈರೂ ಒಟ್ಟಿಗಿರುವ ತ್ರೀ ಪ್ಲಸ್ ಒನ್ ಕೇಬಲ್, 90 ಮೀಟರಿನ ಬಂಡಲ್ ಬರುತ್ತದೆ. ತಾಮ್ರದ ವೈರೇ ಹಾಕಿ ಅಂತ ಮೊದಲೇ ಹೇಳಿ, ಬಿಲ್ಲಲ್ಲಿ ಬರೆಸಿಕೊಳ್ಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ನೋಡಲು ಹಾಗೇ ಇರುತ್ತದೆ, ಆದರೆ ದೂರ ಹೋದಂತೆ ಓಲ್ಟೇಜು ಬೀಳುತ್ತದೆ, ರಾತ್ರಿ ಕತ್ತಲಲ್ಲಿ ನೋಡಲು ಕ್ಯಾಮೆರಾದಲ್ಲಿರುವ ಕೆಂಪು ದೀಪಗಳು ಹೊತ್ತಿಕೊಂಡಾಗ ಕ್ಯಾಮೆರಾ ಆಫ್ ಆಗಿ ಆನ್ ಆಗುತ್ತಿರುತ್ತದೆ. ಹಗಲು ಸರಿ, ರಾತ್ರಿ ಕೈಕೊಡುತ್ತದೆ ಅಂದರೆ ಮೊದಲು ಅನುಮಾನ ಪಡಬೇಕಾದ್ದು ವೈರನ್ನು ಮತ್ತು ಅಡಾಪ್ಟರನ್ನು.

ಮನೆ ಈಗ ಕಟ್ಟಿಸುತ್ತಿದ್ದೀರಾ? ಹಾಗಾದರೆ ಪಿಒಇ. ಒಂದೇ ಕ್ಯಾಟ್ 6 ಕೇಬಲ್‌ನಲ್ಲಿ ಚಿತ್ರವೂ ಕರೆಂಟೂ ಹೋಗುತ್ತದೆ, 100 ಮೀಟರ್‌ವರೆಗೆ. ಚಿತ್ರ ಚೆನ್ನಾಗಿರುತ್ತದೆ. ಖರ್ಚು ಸ್ವಲ್ಪ ಜಾಸ್ತಿ. ಕ್ಯಾಮೆರಾ ಆಮೇಲೆ ತಂದರೂ ಪರವಾಗಿಲ್ಲ, ಪ್ಲಾಸ್ಟರಿಂಗ್‌ಗೆ ಮುಂಚೆ ಗೇಟಿನ ಕಂಬಕ್ಕೆ, ನಾಲ್ಕೂ ಮೂಲೆಗೆ ಪೈಪ್ ಹಾಕಿಸಿಬಿಡಿ.

ತೋಟಕ್ಕೆ, ವೈಫೈ ತಲುಪದ ಕಣಕ್ಕೆ 4ಜಿ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಇದೆ. ತರುವ ಮುಂಚೆ ಅದೇ ಜಾಗದಲ್ಲಿ ನಿಂತು ಮೊಬೈಲಲ್ಲಿ ವಿಡಿಯೊ ಕಾಲ್ ಮಾಡಿ ನೋಡಿ. ಅಲ್ಲಿ ಕಡಿದರೆ ಕ್ಯಾಮೆರಾನೂ ಕಡಿಯುತ್ತದೆ. 1 ಎಂಬಿಪಿಎಸ್‌ನಲ್ಲಿ ಲೈವ್ ನೋಡಿದರೆ ಗಂಟೆಗೆ 450 ಎಂಬಿ ಡೇಟಾ ಖಾಲಿ. ಮಲೆನಾಡಿನವರು ಇನ್ನೊಂದು ಯೋಚಿಸಬೇಕು. ಆಷಾಢದಲ್ಲಿ ವಾರಗಟ್ಟಲೆ ಬಿಸಿಲೇ ಇಲ್ಲದಿರುವಾಗ ಸೋಲಾರ್ ಬ್ಯಾಟರಿ ಕೈಕೊಡುತ್ತದೆ, ಹಾಗಾಗಿ ಕೆಳಗಿಳಿಸಿ ಚಾರ್ಜ್ ಮಾಡಲು ಯಾರಾದರೂ ಇರಬೇಕು.

ಯಾವುದೇ ತಗೊಳ್ಳಿ, ಒಂದು ಮಾತು ಕೇಳಿ. 2025ರ ಏಪ್ರಿಲ್ 9ರಿಂದ ನಮ್ಮ ದೇಶದಲ್ಲಿ ಸಿಸಿ ಕ್ಯಾಮೆರಾಗಳು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಪರೀಕ್ಷೆ ಪಾಸಾಗಿರಬೇಕು ಅನ್ನುವ ನಿಯಮ ಜಾರಿಯಲ್ಲಿದೆ. ಆ ಪರೀಕ್ಷೆಯ ಎಸ್‌ಟಿಕ್ಯೂಸಿ ಸರ್ಟಿಫಿಕೇಟ್ ಇದೆಯಾ, ಬಿಐಎಸ್ ನಂಬರ್ ಇದೆಯಾ ಅಂತ ಕೇಳಿ. ಅರ್ಧ ಬೆಲೆಗೆ ಸಿಗುವ ಹೆಸರಿಲ್ಲದ ಕ್ಯಾಮೆರಾ, ಹಳೇ ಸ್ಟಾಕು ಬೇಡವೇ ಬೇಡ.

ಎಷ್ಟು ದಿನ ಉಳಿಯುತ್ತದೆ?

ಒಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ ದಿನವಿಡೀ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 21.6 ಜಿಬಿ. ನಾಲ್ಕಕ್ಕೆ 86 ಜಿಬಿ ಮೇಲೆ. 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ ಹಳೆಯದು ಅಳಿಸಲು ಶುರು. ಸೆಟ್ಟಿಂಗ್‌ನಲ್ಲಿ ವಿಡಿಯೊ ಕುಗ್ಗಿಸುವ ವಿಧಾನವನ್ನು ಎಚ್.264 ಬದಲು ಎಚ್.265 ಇಟ್ಟರೆ ಹೆಚ್ಚುಕಮ್ಮಿ ಅರ್ಧ ಜಾಗ ಉಳಿಯುತ್ತದೆ, ಇಪ್ಪತ್ತು ದಿನ ದಾಟುತ್ತದೆ. ಹದಿನೈದು ದಿನವಾದರೂ ಉಳಿಯುವ ಹಾಗೆ ನೋಡಿಕೊಳ್ಳಿ. ಊರಿಗೆ ಹೋಗಿ ಬಂದ ಮೇಲೆ, ಪಂಪ್‌ಸೆಟ್ ಕೇಬಲ್ ಇಲ್ಲ ಅಂತ ಗೊತ್ತಾಗುವುದು ಎಷ್ಟೋ ದಿನದ ನಂತರ ಅಲ್ವಾ?

ಹಾರ್ಡ್ ಡಿಸ್ಕ್ ಸಿಸಿಟಿವಿಗೇ ಮಾಡಿದ್ದು ಇರಲಿ. ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಅಂತ ಬರುತ್ತವೆ. ಹಳೇ ಕಂಪ್ಯೂಟರಿನದ್ದು ತೆಗೆದು ಹಾಕುವವರಿದ್ದಾರೆ, ಒಪ್ಪಬೇಡಿ. ವೈಫೈ ಕ್ಯಾಮೆರಾಕ್ಕೆ ಹಾಕುವ ಮೆಮೊರಿ ಕಾರ್ಡ್ ಕೂಡ ಹೈ ಎಂಡ್ಯೂರೆನ್ಸ್ ಅಂತ ಬರೆದಿರುವುದನ್ನೇ ತನ್ನಿ. ಮೊಬೈಲಿಗೆ ಹಾಕುವ ಮಾಮೂಲಿ ಕಾರ್ಡು ಹಗಲು ರಾತ್ರಿ ಬರೆದು ಬರೆದು ಸವೆದುಹೋಗುತ್ತದೆ, ಹೋಗಿದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ಡಿವಿಆರ್ ಪೆಟ್ಟಿಗೆಯನ್ನು ಟಿವಿ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ಇಡಬೇಡಿ. ಒಳಗೆ ನುಗ್ಗಿದವನು ಅದನ್ನೇ ಎತ್ತಿಕೊಂಡು ಹೋದರೆ ಮುಗೀತು. ಅಟ್ಟದ ಮೇಲೋ, ಬೀಗ ಇರುವ ವಾರ್ಡ್‌ರೋಬ್‌ನಲ್ಲೋ, ಗಾಳಿ ಆಡುವ ಕಡೆ ಇಡಿ.

ಕರೆಂಟು, ಸಿಡಿಲು, ಮಳೆ

ಕರೆಂಟು ಹೋದ ಕತ್ತಲಲ್ಲೇ ಕ್ಯಾಮೆರಾ ಹೆಚ್ಚು ಬೇಕಾಗುವುದು. ಡಿವಿಆರ್, ಕ್ಯಾಮೆರಾ ಪವರ್ ಸಪ್ಲೈ, ರೂಟರ್ ಮೂರೂ ಯುಪಿಎಸ್ ಲೈನಿನಲ್ಲೇ ಇರಬೇಕು. ಯುಪಿಎಸ್ ಇಲ್ಲದ ಮನೆಗೆ 12 ಓಲ್ಟಿನ ಮಿನಿ ಯುಪಿಎಸ್ ಸಿಗುತ್ತದೆ, ರೂಟರಿಗೆ ಸಾಕಾಗುತ್ತದೆ. ಮೀಟರ್ ಬೋರ್ಡ್ ಗೇಟಿನ ಪಕ್ಕದಲ್ಲೇ ಇದ್ದು ಯಾರು ಬೇಕಾದರೂ ಫ್ಯೂಸ್ ಕೀಳುವ ಹಾಗಿದ್ದರೆ ಅದಕ್ಕೊಂದು ಬೀಗ ಹಾಕಿಸಿ.

ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಮಲೆನಾಡು, ಕರಾವಳಿ ಕಡೆ ಸಿಡಿಲಿಗೆ ಡಿವಿಆರ್ ಸುಟ್ಟುಹೋಗುವುದು ಮಾಮೂಲು. ಗೇಟಿನಿಂದ ಮನೆಯವರೆಗೆ ಎಳೆದ ಉದ್ದನೆ ತಾಮ್ರದ ವೈರು ಹತ್ತಿರದಲ್ಲಿ ಬಿದ್ದ ಸಿಡಿಲಿನ ಹೊಡೆತವನ್ನು ಸೀದಾ ಒಳಗೆ ತರುತ್ತದೆ. ಅರ್ತಿಂಗ್ ಸರಿ ಇದೆಯಾ ನೋಡಿಸಿ, ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಹೊರಗಿನ ಕಬ್ಬಿಣದ ಕಂಬದ ಮೇಲೆ ಕ್ಯಾಮೆರಾ ಬೇಡ.

ಮಳೆಯ ವಿಷಯದಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ಕ್ಯಾಮೆರಾ ಐಪಿ66, ಐಪಿ67 ಇರುತ್ತದೆ, ಅದರೊಳಗೆ ನೀರು ಹೋಗುವುದಿಲ್ಲ. ಆದರೆ ಅದರ ಹಿಂದೆ ಒಂದು ಗೇಣುದ್ದ ವೈರಿನ ಬಾಲ ಇರುತ್ತದೆ, ಅದರ ತುದಿಯಲ್ಲಿ ಎರಡು ಪಿನ್ನು. ನೀರು ಕುಡಿಯುವುದು ಅಲ್ಲಿ. ಇನ್ಸುಲೇಷನ್ ಟೇಪು ಸುತ್ತಿ ಗೋಡೆಗೆ ಜೋತುಬಿಟ್ಟಿದ್ದರೆ ಎರಡನೇ ಮಳೆಗಾಲಕ್ಕೆ ಆ ಪಿನ್ನು ಹಸಿರು ಕಟ್ಟಿ ಪುಡಿಯಾಗಿರುತ್ತದೆ. ಕ್ಯಾಮೆರಾ ಹೋಯಿತು ಅಂತ ಹೊಸದು ತರುತ್ತಾರೆ. ಹೋಗಿದ್ದು ಇಪ್ಪತ್ತು ರೂಪಾಯಿಯ ಪಿನ್ನು. ಪ್ರತಿ ಕ್ಯಾಮೆರಾದ ಹಿಂದೆ ಒಂದು ಪಿವಿಸಿ ಜಂಕ್ಷನ್ ಬಾಕ್ಸ್ ಹಾಕಿಸಿ, ಬಾಲ ಪೂರ್ತಿ ಒಳಗೆ ಹೋಗಲಿ. ಬಾಕ್ಸಿನ ಮೇಲೆ, ಎರಡು ಬದಿಗೆ ಸಿಲಿಕಾನ್ ಹಚ್ಚಿಸಿ, ಕೆಳಗಡೆ ಹಚ್ಚಿಸಬೇಡಿ, ಒಳಗೆ ಸೇರಿದ ತೇವ ಇಳಿದುಹೋಗಲು ದಾರಿ ಬೇಕು. ವೈರು ಬಾಕ್ಸಿಗೆ ಹೋಗುವ ಮುಂಚೆ ಸ್ವಲ್ಪ ಕೆಳಕ್ಕೆ ಇಳಿದು ಮತ್ತೆ ಮೇಲೆ ಹೋಗುವ ಹಾಗೆ ಬಳಸಿರಲಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಕೂರಿಸುವಾಗ

ಮುಂಬಾಗಿಲು ಪೂರ್ವಕ್ಕಿದ್ದರೆ ಬೆಳಗಿನ ಬಿಸಿಲು ಸೀದಾ ಲೆನ್ಸಿಗೆ ಬೀಳುತ್ತದೆ, ಬಂದವರು ಕರೀ ನೆರಳಾಗಿ ಕಾಣುತ್ತಾರೆ. ಕ್ಯಾಮೆರಾವನ್ನು ಸ್ವಲ್ಪ ಕೆಳಮುಖ ಮಾಡಿ, ಆಕಾಶ ಚಿತ್ರದಲ್ಲಿ ಬರದ ಹಾಗೆ ನೋಡಿ. ಸೆಟ್ಟಿಂಗ್‌ನಲ್ಲಿ ಡಬ್ಲ್ಯೂಡಿಆರ್ (ಬಿಸಿಲು ನೆರಳು ಎರಡನ್ನೂ ಸರಿದೂಗಿಸುವ ಆಯ್ಕೆ) ಅಂತ ಇದ್ದರೆ ಆನ್ ಮಾಡಿ.

ಸಜ್ಜಾದ ಕೆಳಗೆ ತೀರಾ ಒಳಗಡೆ, ಬಿಳಿ ಗೋಡೆಗೆ ಒತ್ತಿ ಹಾಕಿದರೆ ರಾತ್ರಿ ನೋಡಲು ಅದು ಬಿಡುವ ಇನ್‌ಫ್ರಾರೆಡ್ ಬೆಳಕು ಆ ಸುಣ್ಣಕ್ಕೆ ಹೊಡೆದು ವಾಪಸ್ ಬರುತ್ತದೆ. ಚಿತ್ರದಲ್ಲಿ ಸಜ್ಜಾ ಬೆಳ್ಳಗೆ ಹೊಳೆಯುತ್ತದೆ, ಗೇಟು ಕಪ್ಪು. ಸಜ್ಜಾದ ಅಂಚಿಗೆ ತನ್ನಿ. ಗಾಜಿನ ಕಿಟಕಿ ಹಿಂದಿನಿಂದ ಹೊರಗೆ ತಿರುಗಿಸಿ ಇಡುವವರಿಗೂ ಇದೇ ತೊಂದರೆ.

ಗೇಟಿನ ಹತ್ತಿರ ಮೋಷನ್ ಸೆನ್ಸರ್ ಇರುವ ಒಂದು ಎಲ್‌ಇಡಿ ದೀಪ ಹಾಕಿಸಿ. ದೀಪ ಹೊತ್ತಿಕೊಂಡರೆ ಬಂದವನು ತಲೆಯೆತ್ತಿ ನೋಡುವುದೂ ಉಂಟು, ಅಂಗಿಯ ಬಣ್ಣ ಕಪ್ಪು ಬಿಳುಪಿನ ಬದಲು ನಿಜವಾದ ಬಣ್ಣದಲ್ಲಿ ಸಿಗುತ್ತದೆ.

ವೈಫೈ ಕ್ಯಾಮೆರಾ ಆದರೆ ಗೋಡೆಗೆ ತೂತು ಕೊರೆಯುವ ಮುಂಚೆ ಒಳಗೆ ಟೇಬಲ್ ಮೇಲಿಟ್ಟು ಸೆಟಪ್ ಮುಗಿಸಿ. ಕ್ಯಾಮೆರಾ ಆನ್ ಮಾಡಿ, ಅದೇ ಕಂಪನಿಯ ಆಪ್ ಹಾಕಿಕೊಂಡು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ವೈಫೈ ಪಾಸ್‌ವರ್ಡ್ ಕೊಟ್ಟರೆ ಆಯಿತು. ಎಷ್ಟು ಸಲ ಮಾಡಿದರೂ ಸೇರುತ್ತಿಲ್ಲ ಅಂದರೆ ಬಹುಪಾಲು ಕಾರಣ ಒಂದೇ. ಹೆಚ್ಚಿನ ಕ್ಯಾಮೆರಾಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, ನಿಮ್ಮ ಫೋನು 5 ಗಿಗಾಹರ್ಟ್ಸ್‌ನಲ್ಲಿ ಇರುತ್ತದೆ. ರೂಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು, ಫೋನನ್ನು 2.4ಕ್ಕೆ ಸೇರಿಸಿ ಮತ್ತೆ ಮಾಡಿ. ಆಮೇಲೆ ಕ್ಯಾಮೆರಾವನ್ನು ಹಾಕುವ ಜಾಗದಲ್ಲಿ ಹಿಡಿದು ಸಿಗ್ನಲ್ ನೋಡಿ. ಹಳೇ ಕಲ್ಲಿನ ಗೋಡೆ, ಮಣ್ಣಿನ ದಪ್ಪ ಗೋಡೆ ಇರುವ ಮನೆಗಳಲ್ಲಿ ಎರಡು ಕೋಣೆ ದಾಟುವಷ್ಟರಲ್ಲಿ ವೈಫೈ ಸೋತಿರುತ್ತದೆ.

ಟೈಮ್ ಸೆಟ್ಟಿಂಗ್ ಬಿಡಬೇಡಿ. ಟೈಮ್ ಜೋನ್ 5:30 ಇರಲಿ, ಎನ್‌ಟಿಪಿ ಆನ್ ಇರಲಿ, ಆಗ ಇಂಟರ್ನೆಟ್‌ನಿಂದ ತಾನೇ ಸರಿಮಾಡಿಕೊಳ್ಳುತ್ತದೆ. ಬರೀ ಮೋಷನ್ ಇದ್ದಾಗ ರೆಕಾರ್ಡ್ ಆಗುವ ಹಾಗೆ ಇಟ್ಟಿದ್ದರೆ, ಜಾಗ ಇದ್ದ ಪಕ್ಷದಲ್ಲಿ ದಿನವಿಡೀ ರೆಕಾರ್ಡಿಂಗ್‌ಗೆ ಬದಲಿಸಿ. ಮೋಷನ್ ಹಿಡಿಯುವಷ್ಟರಲ್ಲಿ ಮುಖ ದಾಟಿ ಹೋಗಿರುವ ಉದಾಹರಣೆ ಬೇಕಾದಷ್ಟಿದೆ.

ಪಾಸ್‌ವರ್ಡ್ ಯಾರ ಕೈಯಲ್ಲಿದೆ?

ಇದನ್ನು ಓದಿ ಮುಗಿಸಿದ ಕೂಡಲೇ ಮಾಡಬೇಕಾದ ಕೆಲಸ ಒಂದಿದ್ದರೆ ಇದೇ. ಕ್ಯಾಮೆರಾ ಈಗಾಗಲೇ ಇರುವವರೂ ಮಾಡಿ.

ಬಹಳ ಮನೆಗಳಲ್ಲಿ ಹಾಕಲು ಬಂದ ಹುಡುಗ ತನ್ನ ಫೋನಿನಲ್ಲೇ ಅಕೌಂಟ್ ತೆರೆದು, ಆಮೇಲೆ ಮನೆಯವರಿಗೆ ಶೇರ್ ಮಾಡಿ ಹೋಗಿರುತ್ತಾನೆ. ಕೆಟ್ಟ ಉದ್ದೇಶ ಇರುವುದಿಲ್ಲ, ಕೆಲಸ ಬೇಗ ಆಗಲಿ ಅಂತ. ಆದರೆ ನಿಮ್ಮ ಮನೆಯ ಹಾಲ್ ಅವನ ಫೋನಿನಲ್ಲಿ ಇವತ್ತಿಗೂ ತೆರೆದುಕೊಳ್ಳುತ್ತದೆ. ಅಕೌಂಟ್ ನಿಮ್ಮ ನಂಬರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಬೇಕು. ಡಿವಿಆರ್‌ನ ಅಡ್ಮಿನ್ ಪಾಸ್‌ವರ್ಡ್ ನೀವೇ ಟೈಪ್ ಮಾಡಿ. ಅಡ್ಮಿನ್123, 12345678, ಮನೆ ಹೆಸರು, ಹುಟ್ಟಿದ ವರ್ಷ ಬೇಡ. 2025ರಲ್ಲಿ ಗುಜರಾತಿನ ರಾಜ್‌ಕೋಟ್‌ನಲ್ಲಿ ಒಂದು ಹೆರಿಗೆ ಆಸ್ಪತ್ರೆಯ ತಪಾಸಣಾ ಕೋಣೆಯ ದೃಶ್ಯಗಳು ಹೊರಬಿದ್ದು ಹೆಣ್ಣುಮಕ್ಕಳ ಮಾನ ಮಾರಾಟಕ್ಕೆ ಬಂತು. ಇಂಥ ಜುಜುಬಿ ಪಾಸ್‌ವರ್ಡ್‌ಗಳೇ ಅದಕ್ಕೆ ಬಾಗಿಲಾಗಿದ್ದು ಅಂತ ತನಿಖೆಯ ಸುದ್ದಿಗಳಲ್ಲಿ ಬಂತು. 2016ರಲ್ಲಿ ಮಿರಾಯ್ ಅನ್ನುವ ವೈರಸ್ಸು ಕಂಪನಿ ಕೊಟ್ಟ ಪಾಸ್‌ವರ್ಡನ್ನು ಬದಲಿಸದ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದು ಅಮೆರಿಕದ ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನೇ ಮಲಗಿಸಿತ್ತು.

ಆಪ್‌ನಲ್ಲಿ ಎರಡು ಹಂತದ ಲಾಗಿನ್ ಇದ್ದರೆ ಆನ್ ಮಾಡಿ. ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬಂದಾಗ ಹಾಕಿ. ರೂಟರಿನಲ್ಲಿ ಗೆಸ್ಟ್ ವೈಫೈ ಇದ್ದರೆ ಕ್ಯಾಮೆರಾಗಳು ಅದರಲ್ಲಿರಲಿ, ನಿಮ್ಮ ಬ್ಯಾಂಕಿನ ಕೆಲಸ ಮಾಡುವ ಫೋನು, ಲ್ಯಾಪ್‌ಟಾಪ್ ಬೇರೆಯದರಲ್ಲಿರಲಿ. ಪೋರ್ಟ್ ಫಾರ್ವರ್ಡ್ (ಹೊರಗಿನ ಇಂಟರ್ನೆಟ್‌ನಿಂದ ಸೀದಾ ಡಿವಿಆರ್‌ಗೆ ಬರಲು ರೂಟರಿನಲ್ಲಿ ಬಾಗಿಲು ತೆರೆಯುವುದು) ಮಾಡಿಕೊಡ್ತೀನಿ ಅಂತ ಯಾರಾದರೂ ಅಂದರೆ ಬೇಡ ಅನ್ನಿ, ಈಗಿನ ಆಪ್‌ಗಳಿಗೆ ಅದರ ಅಗತ್ಯ ಇಲ್ಲ.

ಮನೆಯವರನ್ನು ಕೇಳಿದ್ರಾ?

"ಅಮ್ಮಾ, ಹಾಲ್‌ನಲ್ಲೂ ಒಂದು ಹಾಕಿಸ್ಲಾ? ನೀವು ಹೇಗಿದ್ದೀರಿ ಅಂತ ನೋಡ್ತಾ ಇರಬಹುದು."

"ಹಾಗಾದ್ರೆ ದಿನವೆಲ್ಲ ಸೆರಗು ಸರಿಮಾಡ್ಕೊಂಡೇ ಕೂತಿರಬೇಕೇನೋ?"

ಈ ಪ್ರಶ್ನೆಗೆ ಉತ್ತರ ಕೊಡದೆ ಒಳಗೆ ಕ್ಯಾಮೆರಾ ಹಾಕಬಾರದು. ಮಕ್ಕಳ ಕಾಳಜಿ ನಿಜವೇ. ಬಿದ್ದರೆ ಯಾರಿದ್ದಾರೆ, ಅಪ್ಪನಿಗೆ ಬಿಪಿ ಬೇರೆ, ಇದೆಲ್ಲ ಇದ್ದೇ ಇದೆ. ಆದರೆ ನಡುಮನೆಯಲ್ಲಿ ಮಧ್ಯಾಹ್ನ ಚಾಪೆ ಹಾಸಿಕೊಂಡು ಅಡ್ಡಾಗುವವರಿಗೆ ಅದು ಅವರ ಮನೆ. ಬೇಕೇ ಬೇಕು ಅಂದರೆ ಅವರು ಒಪ್ಪಿದ ಮೇಲೆ ಹಾಕಿಸಿ, ಕುರ್ಚಿ ಮಂಚದ ಕಡೆ ತಿರುಗಿಸದೆ ಬಾಗಿಲ ಕಡೆ, ಓಡಾಡುವ ದಾರಿಯ ಕಡೆ ತಿರುಗಿಸಿ. ಆಡಿಯೊ ಆಫ್ ಇರಲಿ. ಬೇಡ ಅನಿಸಿದಾಗ ಲೆನ್ಸ್ ಮುಚ್ಚಿಕೊಳ್ಳುವ ಪ್ರೈವಸಿ ಮೋಡ್ ಇರುವ ಕ್ಯಾಮೆರಾಗಳಿವೆ, ಆದರೆ ಅದರ ಆಪು ಅವರ ಫೋನಿನಲ್ಲೂ ಇರಬೇಕು. ಇಲ್ಲದಿದ್ದರೆ ಸ್ವಿಚ್ಚಾದರೂ ಅವರ ಕೈಗೆ ಸಿಗುವಂತಿರಲಿ. ಮನೆಕೆಲಸಕ್ಕೆ ಬರುವವರಿಗೂ ಕ್ಯಾಮೆರಾ ಎಲ್ಲಿದೆ ಅಂತ ಮೊದಲೇ ಹೇಳಿ. ಬಚ್ಚಲುಮನೆ, ಬಟ್ಟೆ ಬದಲಿಸುವ ಕೋಣೆ, ಮಲಗುವ ಕೋಣೆ ಇಲ್ಲೆಲ್ಲ ಬೇಡ.

ಕಾನೂನೂ ಇದನ್ನೇ ಹೇಳುತ್ತದೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಒಪ್ಪಿಗೆ ಇಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ತೆಗೆದರೆ ಐಟಿ ಕಾಯ್ದೆಯ 66ಇ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಅಣ್ಣತಮ್ಮಂದಿರು ಒಟ್ಟಿಗಿರುವ ಮನೆಯವರಿಗೆ ಇನ್ನೊಂದು ವಿಷಯ. ಜೊತೆಗೆ ವಾಸಿಸುವವರ ಒಪ್ಪಿಗೆ ಇಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ಇಡುವಂತಿಲ್ಲ ಅಂತ ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಅದನ್ನು ಬದಲಿಸಲು ಹೋಗಲಿಲ್ಲ.

ಪಕ್ಕದ ಮನೆಯ ಕಿಟಕಿ, ಹಿತ್ತಿಲ ಬಟ್ಟೆ ತೊಳೆಯುವ ಕಲ್ಲು ನಿಮ್ಮ ಚಿತ್ರದಲ್ಲಿ ಬರುತ್ತಿದ್ದರೆ ಕ್ಯಾಮೆರಾ ತಿರುಗಿಸಿ. ತಿರುಗಿಸಲು ಆಗದಿದ್ದರೆ ಸೆಟ್ಟಿಂಗ್‌ನಲ್ಲಿ ಪ್ರೈವಸಿ ಮಾಸ್ಕ್ ಇರುತ್ತದೆ, ಆ ಭಾಗಕ್ಕೆ ಕಪ್ಪು ಚೌಕ ಬಳಿಯಬಹುದು. ಅವರನ್ನು ಕರೆದು ಸ್ಕ್ರೀನ್ ತೋರಿಸಿಬಿಡಿ. ಎಷ್ಟೋ ಮನಸ್ತಾಪ ಅಲ್ಲೇ ಮುಗಿಯುತ್ತದೆ.

ದುಡ್ಡು ಕೊಡುವ ಮುಂಚೆ ರಾತ್ರಿ ಒಂದು ಪರೀಕ್ಷೆ

ಕೊನೆಯ ಕಂತಿನ ದುಡ್ಡನ್ನು ರಾತ್ರಿಯವರೆಗೆ ಹಿಡಿದಿಟ್ಟುಕೊಳ್ಳಿ. ಕತ್ತಲಾದ ಮೇಲೆ ತಮ್ಮನಿಗೋ ಭಾವನಿಗೋ ಟೋಪಿ ಹಾಕಿ, ಗೇಟಿನ ಹೊರಗಿಂದ ಮುಂಬಾಗಿಲವರೆಗೆ ಮಾಮೂಲಿ ನಡಿಗೆಯಲ್ಲಿ ಬರಲು ಹೇಳಿ. ಲೈವ್ ನೋಡಬೇಡಿ. ಐದು ನಿಮಿಷ ಬಿಟ್ಟು ರೆಕಾರ್ಡಿಂಗ್ ಹುಡುಕಿ ತೆಗೆದು, ನಿಲ್ಲಿಸಿ, ದೊಡ್ಡದು ಮಾಡಿ ನೋಡಿ. ಅವನನ್ನು ಗೊತ್ತಿಲ್ಲದ ಒಬ್ಬರಿಗೆ ಆ ಚಿತ್ರ ತೋರಿಸಿದರೆ ನಾಳೆ ಬೀದಿಯಲ್ಲಿ ಗುರುತು ಹಿಡಿಯುತ್ತಾರಾ? ಇಲ್ಲ ಅನ್ನಿಸಿದರೆ ಆ ಹುಡುಗ ಇನ್ನೂ ಏಣಿ ತೆಗೆದಿರುವುದಿಲ್ಲ, ಕೋನ ಬದಲಿಸಲು, ಎತ್ತರ ಇಳಿಸಲು ಹೇಳಿ. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ರೆಕಾರ್ಡಿಂಗ್ ನಿಲ್ಲುತ್ತದಾ ನೋಡಿ. ಪೆನ್ ಡ್ರೈವ್‌ಗೆ ಒಂದು ತುಣುಕು ತೆಗೆದುಕೊಡಲು ಹೇಳಿ, ಹೇಗೆ ತೆಗೆಯುವುದು ಅಂತ ಮೊಬೈಲಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ.

ಆಮೇಲೆ ತಿಂಗಳಿಗೊಂದು ಸಲ ಹತ್ತು ದಿನ ಹಿಂದಿನ ರೆಕಾರ್ಡಿಂಗ್ ತೆರೆದು ನೋಡಿ. ಲೈವ್ ಬರುತ್ತಿದ್ದರೂ ಡಿಸ್ಕ್ ಸತ್ತಿರಬಹುದು. ಜೇಡರ ಬಲೆಯೂ ದೊಡ್ಡ ತಲೆನೋವು. ಕ್ಯಾಮೆರಾದ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಬಲೆಯ ಒಂದೇ ಒಂದು ಎಳೆ ಲೆನ್ಸ್ ಮುಂದೆ ಗಾಳಿಗೆ ಅಲ್ಲಾಡಿದರೂ ಸಾಕು, ರಾತ್ರಿಯೆಲ್ಲ ಫೋನು ಕುಂಯ್ ಅನ್ನುತ್ತದೆ. ಬೇಸತ್ತು ಅಲರ್ಟ್ ಆಫ್ ಮಾಡಿಬಿಡುತ್ತೇವೆ. ಅದರ ಬದಲು ಉದ್ದ ಕೋಲಿಗೆ ಮೆತ್ತನೆ ಬಟ್ಟೆ ಕಟ್ಟಿ ಹದಿನೈದು ದಿನಕ್ಕೊಮ್ಮೆ ಒರೆಸಿದರೆ ಆಯಿತು. ಅಲರ್ಟ್‌ನಲ್ಲಿ ಮನುಷ್ಯರನ್ನು ಮಾತ್ರ ಗುರುತಿಸುವ ಆಯ್ಕೆ ಇದ್ದರೆ ಅದನ್ನೇ ಇಡಿ.

ಏನಾದರೂ ಆದಾಗ

ಯಾರೋ ಒಳಗೆ ನುಗ್ಗುತ್ತಿದ್ದಾರೆ ಅಂತ ದೂರದ ಊರಲ್ಲಿ ಕೂತು ಫೋನಲ್ಲಿ ಕಂಡರೆ ಮೊದಲು ಪಕ್ಕದ ಮನೆಯವರಿಗೆ ಮತ್ತು ಆ ಊರಿನ ಠಾಣೆಗೆ ಫೋನ್ ಮಾಡಿ. ಬೇರೆ ರಾಜ್ಯದಲ್ಲೋ ವಿದೇಶದಲ್ಲೋ ಇದ್ದುಕೊಂಡು 112 ಒತ್ತಿದರೆ ಅದು ಊರಿನ ಪೊಲೀಸರಿಗೆ ಹೋಗುವುದಿಲ್ಲ, ಊರಲ್ಲಿರುವ ಯಾರಾದರೂ ಒತ್ತಬೇಕು. ಹಾಗಾಗಿ ಆ ಎರಡು ನಂಬರು ಇವತ್ತೇ ಸೇವ್ ಆಗಿರಲಿ. ಅಮ್ಮನಿಗೆ ಫೋನ್ ಮಾಡಿದಾಗ ಬಾಗಿಲು ತೆಗೆಯಬೇಡಿ, ಒಳಗೇ ಇರಿ ಅಂತ ಹೇಳಿ.

ಆಗಿಹೋದ ಮೇಲೆ ಗೊತ್ತಾದರೆ, ತಡಮಾಡದೆ ಆ ಹೊತ್ತಿನ ರೆಕಾರ್ಡಿಂಗ್ ಅನ್ನು ಪೆನ್ ಡ್ರೈವ್‌ಗೆ ಇಳಿಸಿ. ಡಿವಿಆರ್ ಹಳೆಯದನ್ನು ಅಳಿಸುತ್ತಲೇ ಇರುತ್ತದೆ, ಅದು ನಿಮಗಾಗಿ ಕಾಯುವುದಿಲ್ಲ. ಹಿಂದಿನ ಎರಡು ಮೂರು ದಿನದ್ದೂ ತೆಗೆದಿಟ್ಟುಕೊಳ್ಳಿ, ಮೊದಲೇ ಬಂದು ಮನೆ ನೋಡಿಕೊಂಡು ಹೋಗಿರುವುದು ಅದರಲ್ಲಿ ಸಿಗಬಹುದು. ಟಿವಿ ಸ್ಕ್ರೀನನ್ನು ಮೊಬೈಲಲ್ಲಿ ಹಿಡಿದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದು ಸಾಲುವುದಿಲ್ಲ, ಅಲ್ಲಿ ಚಿತ್ರ ಇನ್ನಷ್ಟು ಮಸುಕಾಗುತ್ತದೆ, ಮೇಲಾಗಿ ಬಂದವನಿಗೂ ಸುದ್ದಿ ಮುಟ್ಟುತ್ತದೆ. ಡಿವಿಆರ್ ಟೈಮಿಗೂ ನಿಜವಾದ ಟೈಮಿಗೂ ವ್ಯತ್ಯಾಸ ಇದ್ದರೆ ಎಷ್ಟು ನಿಮಿಷ ಅಂತ ಬರೆದು ಪೊಲೀಸರಿಗೆ ಕೊಡಿ. ಡಿವಿಆರ್ ಪೆಟ್ಟಿಗೆಯನ್ನು ನೀವಾಗಿ ಬಿಚ್ಚಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಕೇಸು ಕೋರ್ಟಿಗೆ ಹೋದರೆ ಆ ದೃಶ್ಯದ ಪ್ರತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರ ಪ್ರಕಾರ ಒಂದು ಸರ್ಟಿಫಿಕೇಟ್ ಬೇಕಾಗುತ್ತದೆ. ಹಳೇ ಕಾಯ್ದೆಯಲ್ಲಿ ಇದನ್ನೇ 65ಬಿ ಅನ್ನುತ್ತಿದ್ದರು. ಪೊಲೀಸರು ಡಿವಿಆರ್ ಅಥವಾ ಡಿಸ್ಕ್ ತಗೊಂಡು ಹೋದರೆ ಅದರ ಸೀರಿಯಲ್ ನಂಬರ್ ಬರೆದ ಮಹಜರಿನ ನಕಲು ಕೇಳಿ ಇಸ್ಕೊಳ್ಳಿ.